ಮಳೆಗಾಲದ ರೆಕ್ಕೆ, ಬೇಸಿಗೆ ರೆಕ್ಕೆ: ನಾನು ಪಿಎಚ್‌ಡಿ ಸೀಟು ಹುಡುಕಿದ ಕಥೆ

ಈ ವಾರ ಮೂರು ಜನ ಜೂನಿಯರ್ಸ್ ಫೋನ್ ಮಾಡಿದ್ರು, ಮೂರೂ ಜನ ಕೇಳಿದ್ದು ಒಂದೇ, ಅಕ್ಕಾ ಈ ಪ್ರಾಣಿ ಗಿಡ ಪರಿಸರಕ್ಕೆ ಹೆಂಗೆ ಹೊಂದ್ಕೊಳ್ತವೆ ಅನ್ನೋ ಥರದ ಸಬ್ಜೆಕ್ಟಲ್ಲಿ ನಮ್ಮಂಥೋರಿಗೆ ಪಿಎಚ್‌ಡಿ ಸಿಗತ್ತಾ, ಎಲ್ಲಿಂದ ಶುರು ಮಾಡ್ಬೇಕು ಅಂತ. ಒಬ್ಬೊಬ್ಬರ ಹತ್ರಾನೂ ಮುಕ್ಕಾಲು ಗಂಟೆ ಮಾತಾಡಿದ್ಮೇಲೆ ಒಂದ್ಸಲ ಕೂತು ಬರೆದೇಬಿಡೋಣ ಅನ್ನಿಸ್ತು. ನಾನು ಹೊಸನಗರ ತಾಲ್ಲೂಕಿನವಳು, ಎಂಎಸ್ಸಿ ಜುವಾಲಜಿ ಓದಿದ್ದು ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ, ಈಗ ಬೆಂಗಳೂರಿನ ಒಂದು ರಿಸರ್ಚ್ ಸಂಸ್ಥೆಯಲ್ಲಿ ಪಿಎಚ್‌ಡಿ ಎರಡನೇ ವರ್ಷ. ಸೀಟು ಸಿಗೋಕೆ ಎಂಎಸ್ಸಿ ಮುಗಿದ್ಮೇಲೆ ಎರಡು ವರ್ಷಕ್ಕಿಂತ ಜಾಸ್ತಿ ಹಿಡೀತು.

ಮೊದ್ಲು ಚಿಟ್ಟೆ ವಿಷ್ಯ ಹೇಳ್ಬೇಕು, ಯಾಕಂದ್ರೆ ಸೀಟು ಸಿಕ್ಕಿದ್ದೇ ಅದರಿಂದ. ನಮ್ಮನೆ ಕೊಟ್ಟಿಗೆ ಹಿಂದೆ ಹಲಸಿನ ಹಣ್ಣಿನ ಸಿಪ್ಪೆ ಹಾಕ್ತಾರೆ, ಜೂನ್ ತಿಂಗಳಲ್ಲಿ ದೀಪ ಹಚ್ಚೋ ಹೊತ್ತಿಗೆ ಅದರ ಮೇಲೆ ಕಂದು ಬಣ್ಣದ ದೊಡ್ಡ ಚಿಟ್ಟೆಗಳು ಬಂದು ಕೂರ್ತವೆ. ಹಗಲಲ್ಲಿ ಎಲ್ಲೂ ಕಾಣಲ್ಲ, ಕತ್ತಲಾಗ್ತಿದ್ದಂಗೆ ಎದ್ದು ಬರ್ತವೆ, ಅದಕ್ಕೆ ನಾವು ಮನೇಲಿ ಸಂಜೆ ಚಿಟ್ಟೆ ಅಂತಿದ್ವಿ. ಇಂಗ್ಲಿಷಲ್ಲಿ ಕಾಮನ್ ಈವ್ನಿಂಗ್ ಬ್ರೌನ್, ವೈಜ್ಞಾನಿಕ ಹೆಸ್ರು ಮೆಲಾನಿಟಿಸ್ ಲೆಡಾ. ಇದರ ಹುಳ ಭತ್ತದ ಎಲೆ, ಹುಲ್ಲು ತಿನ್ನತ್ತೆ, ಹಸಿರು ಮೈ, ತಲೆ ಮೇಲೆ ಎರಡು ಕೋಡು. ಮಳೆಗಾಲದ ಚಿಟ್ಟೆ ರೆಕ್ಕೆ ಮಡಿಚಿ ಕೂತಾಗ ಅಂಚಿನುದ್ದಕ್ಕೂ ಕಣ್ಣಿನ ಥರ ದುಂಡನೆ ಚುಕ್ಕೆಗಳಿರ್ತವೆ, ಕಪ್ಪು, ಅದರ ಸುತ್ತ ಹಳದಿ ಬಳೆ, ಮಧ್ಯ ಬಿಳಿ ಬೊಟ್ಟು. ಅದೇ ಚಿಟ್ಟೆ ಬೇಸಿಗೇಲಿ ನೋಡಿದ್ರೆ ಕಣ್ಣೇ ಇರಲ್ಲ. ಪೂರ್ತಿ ಒಣಗಿದ ಎಲೆ, ಒಂದು ಕಾಫಿ ಬಣ್ಣ, ಇನ್ನೊಂದು ಬೂದಿ, ಮತ್ತೊಂದರ ಮೇಲೆ ಬೂಸ್ಟು ಹಿಡಿದಂಗೆ ಕಲೆ, ಒಂದರ ಥರ ಇನ್ನೊಂದಿಲ್ಲ. ಅಡಿಕೆ ತೋಟದ ದರಗಲ್ಲಿ ಕೂತಿದ್ರೆ ಕಾಲಿಡೋವರೆಗೂ ಗೊತ್ತಾಗಲ್ಲ.

ಚಿಕ್ಕೋಳಿದ್ದಾಗ ನಾನಿದನ್ನ ಎರಡು ಬೇರೆ ಬೇರೆ ಚಿಟ್ಟೆ ಅಂದ್ಕೊಂಡಿದ್ದೆ. ಎಂಎಸ್ಸೀಲಿ ಫೀನೋಟಿಪಿಕ್ ಪ್ಲಾಸ್ಟಿಸಿಟಿ ಪಾಠ ಬಂದಾಗ್ಲೇ ಗೊತ್ತಾಗಿದ್ದು, ಒಂದೇ ಜೀನು, ಬೆಳೆಯೋ ಕಾಲದಲ್ಲಿ ಸುತ್ತ ಏನಿತ್ತು ಅನ್ನೋದರ ಮೇಲೆ ಬೇರೆ ಬೇರೆ ಮೈ. ಮಳೆಗಾಲದಲ್ಲಿ ಚಿಟ್ಟೆ ಓಡಾಡತ್ತೆ, ಸಂಗಾತಿ ಹುಡುಕತ್ತೆ, ಮೊಟ್ಟೆ ಇಡತ್ತೆ, ಆಗ ಹಲ್ಲಿಯೋ ಹಕ್ಕಿಯೋ ರೆಕ್ಕೆ ಅಂಚಿನ ಕಣ್ಣಿಗೆ ಕಚ್ಚಿದ್ರೆ ಚೂರು ರೆಕ್ಕೆ ಹೋಗತ್ತೆ, ಜೀವ ಉಳಿಯತ್ತೆ. ಬೇಸಿಗೇಲಿ ಹುಲ್ಲೇ ಇರಲ್ಲ, ಸುಮ್ನೆ ಎಲೆಗಳ ಮಧ್ಯ ಕೂತು ಮಳೆಗೆ ಕಾಯ್ಬೇಕು, ಆಗ ಕಣ್ಣಿದ್ರೆ ಅದೇ ಅಪಾಯ. ಆವತ್ತು ಕ್ಲಾಸಲ್ಲಿ ನನಗಾದ ಖುಷಿ ಇವತ್ತಿಗೂ ನೆನಪಿದೆ, ಯಾವುದೋ ದೂರದ ದೇಶದ ಉದಾಹರಣೆ ಪಾಠ ಮಾಡ್ತಿದ್ರು, ನನ್ನ ಕಣ್ಮುಂದೆ ಮಾತ್ರ ನಮ್ಮನೆ ಕೊಟ್ಟಿಗೆ.

ಆದ್ರೆ ಖುಷಿಯಿಂದ ಸೀಟು ಬರಲ್ವಲ್ಲ, ಪರೀಕ್ಷೆ ಬರೀಬೇಕು. ನಾನು ಬರ್ದಿದ್ದು ಸಿಎಸ್ಐಆರ್ ನೆಟ್ ಲೈಫ್ ಸೈನ್ಸಸ್. ಮೂರು ಗಂಟೆ, 200 ಮಾರ್ಕ್ಸು. ಪಾರ್ಟ್ ಎ ಜನರಲ್, 30 ಮಾರ್ಕ್ಸು, ಪಾರ್ಟ್ ಬಿ 70, ಪಾರ್ಟ್ ಸಿ 100. ಸಿ ಭಾಗದಲ್ಲಿ 75 ಪ್ರಶ್ನೆ ಕೊಡ್ತಾರೆ, 25 ಮಾಡಿದ್ರೆ ಸಾಕು, ಒಂದಕ್ಕೆ 4 ಮಾರ್ಕ್ಸು, ತಪ್ಪಾದ್ರೆ ಕಾಲು ಭಾಗ ಕಟ್. ಮೊದಲ್ನೇ ಸಲ ನಾನು ಸಿಲಬಸ್ಸಿನ 13 ಯೂನಿಟ್ಟೂ ಓದ್ತೀನಿ ಅಂತ ಹೋಗಿ ಯಾವುದೂ ಗಟ್ಟಿ ಆಗ್ಲಿಲ್ಲ. ಎರಡನೇ ಸಲ ಲೆಕ್ಚರರ್‌ಶಿಪ್, ಅಂದ್ರೆ ಕಾಲೇಜಲ್ಲಿ ಪಾಠ ಮಾಡೋ ಅರ್ಹತೆ ಮಾತ್ರ ಆಯ್ತು, ಪಿಎಚ್‌ಡಿ ಮಾಡೋಕೆ ತಿಂಗಳು ತಿಂಗಳು ದುಡ್ಡು ಕೊಡೋ ಜೆಆರ್‌ಎಫ್ ಫೆಲೋಶಿಪ್ ಸಿಗ್ಲಿಲ್ಲ. ಮೂರನೇ ಸಲಕ್ಕೆ ಇಕಾಲಜಿ, ಎವಲ್ಯೂಷನ್ ಮತ್ತು ಬಿಹೇವಿಯರ್, ಅನಿಮಲ್ ಫಿಸಿಯಾಲಜಿ, ಪ್ಲಾಂಟ್ ಫಿಸಿಯಾಲಜಿ, ಡೆವಲಪ್‌ಮೆಂಟಲ್ ಬಯಾಲಜಿ, ಮೆಥಡ್ಸ್ ಇಷ್ಟನ್ನೇ ಹಿಡ್ಕೊಂಡು ಕೂತೆ, ಬಾಕಿದ್ದು ಪಾರ್ಟ್ ಬಿಗೆ ಎಷ್ಟು ಬೇಕೋ ಅಷ್ಟು, ಆಯ್ತು. ಈ ಸಬ್ಜೆಕ್ಟಿಗೆ ಬರೋರಿಗೆ ನಾನು ಹೇಳೋದು ಇದನ್ನೇ, 25 ಪ್ರಶ್ನೆ ಅಂದ್ರೆ ನಿಮಗೆ ಇಷ್ಟ ಇರೋದನ್ನೇ ಆರಿಸ್ಕೊಳ್ಳೋಕೆ ಅವರೇ ಕೊಟ್ಟಿರೋ ಅವಕಾಶ.

ನೆಟ್ ಒಂದೇ ದಾರಿ ಅಲ್ಲ ಅನ್ನೋದು ನನಗೆ ತುಂಬಾ ತಡವಾಗಿ ಗೊತ್ತಾಯ್ತು, ನಮ್ಮ ಡಿಪಾರ್ಟ್‌ಮೆಂಟಲ್ಲಿ ಯಾರೂ ಹೇಳಿರ್ಲಿಲ್ಲ. ಗೇಟ್‌ನಲ್ಲಿ ಇವೈ ಅಂತ ಒಂದು ಪೇಪರೇ ಇದೆ, ಇಕಾಲಜಿ ಅಂಡ್ ಎವಲ್ಯೂಷನ್ನಿಗೇ ಅಂತ. ಬೆಂಗಳೂರಿನ ಜೀವಶಾಸ್ತ್ರ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್ ಥರದ ಕಡೆಗೆ ಜೆಜಿಇಇಬಿಐಎಲ್ಎಸ್ ಅಂತ ಬೇರೆ ಎಂಟ್ರೆನ್ಸ್ ಇದೆ, ಅಷ್ಟುದ್ದ ಹೆಸ್ರು ನೋಡಿ ನಾನು ಒಂದು ವರ್ಷ ಅದನ್ನ ಕ್ಲಿಕ್ಕೇ ಮಾಡಿರ್ಲಿಲ್ಲ. ಬೆಂಗಳೂರೊಂದರಲ್ಲೇ ಎಷ್ಟು ಬಾಗಿಲಿದೆ ನೋಡಿ, ಐಐಎಸ್‌ಸಿಯ ಸೆಂಟರ್ ಫಾರ್ ಇಕಲಾಜಿಕಲ್ ಸೈನ್ಸಸ್ 1983ರಿಂದ ಇದೆ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಕಟ್ಟಿದ್ದು, ಆಮೇಲೆ ಎನ್‌ಸಿಬಿಎಸ್, ಜಕ್ಕೂರಿನ ವಿಜ್ಞಾನ ಸಂಸ್ಥೆ ಜೆಎನ್‌ಸಿಎಎಸ್ಆರ್, ಪರಿಸರ ಸಂಶೋಧನೆಯ ಏಟ್ರೀ. ಅಗ್ರಿ ಕಡೆಯವರಿಗೆ ಕೃಷಿ ವಿಶ್ವವಿದ್ಯಾಲಯ ಜಿಕೆವಿಕೆಯ ಕ್ರಾಪ್ ಫಿಸಿಯಾಲಜಿ ವಿಭಾಗ, ಬರ ಬಂದಾಗ ರಾಗಿ ಶೇಂಗಾ ಭತ್ತ ನೀರನ್ನ ಹೆಂಗೆ ಉಳಿಸ್ಕೊಳ್ತವೆ ಅನ್ನೋ ಕೆಲ್ಸ ಅಲ್ಲಿ ಎಷ್ಟೋ ವರ್ಷದಿಂದ ನಡೀತಿದೆ. ನಾನು ಒಂದ್ಸಲ ಹೋಗಿ ನೋಡಿದ್ದೆ, ಸಾಲಾಗಿ ಕುಂಡಗಳು, ಒಂದೊಂದನ್ನೂ ತೂಕ ಮಾಡಿ ನಿನ್ನೆಯಿಂದ ಇವತ್ತಿಗೆ ಎಷ್ಟು ಗ್ರಾಂ ನೀರು ಹೋಯ್ತು ಅಂತ ಲೆಕ್ಕ ಹಾಕಿ ಅಷ್ಟೇ ನೀರು ವಾಪಸ್ ಹಾಕ್ತಾರೆ, ಗಿಡ ಎಷ್ಟು ಕುಡೀತು ಅನ್ನೋದು ಅದರಿಂದ ಗೊತ್ತಾಗತ್ತೆ. ಮೈಸೂರಲ್ಲಿ ಮಾನಸಗಂಗೋತ್ರೀಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ ಇದೆ, ಹಣ್ಣಿನ ನೊಣದ ಮೇಲೆ ಕೆಲ್ಸ ಮಾಡ್ಬೇಕು ಅನ್ನೋರಿಗೆ ಅದು ದೊಡ್ಡ ಆಸ್ತಿ. ಹೊರಗೆ ಹೋಗೋದಾದ್ರೆ ತಿರುವನಂತಪುರ, ಮೊಹಾಲಿ, ಪುಣೆಯ ಐಸರ್ ಅನ್ನೋ ವಿಜ್ಞಾನ ಸಂಸ್ಥೆಗಳು, ಹೈದರಾಬಾದಿನ ಜೀವಶಾಸ್ತ್ರ ಸಂಸ್ಥೆ ಸಿಸಿಎಂಬಿ, ಡೆಹ್ರಾಡೂನಿನ ವೈಲ್ಡ್‌ಲೈಫ್ ಇನ್‌ಸ್ಟಿಟ್ಯೂಟ್. ಜರ್ಮನಿಯ ಯೇನಾದಲ್ಲಿ ಮ್ಯಾಕ್ಸ್ ಪ್ಲಾಂಕ್‌ನವರ ಕೆಮಿಕಲ್ ಇಕಾಲಜಿ ಸಂಸ್ಥೆ ಇದೆ, ಗಿಡ ಹುಳ ವಾಸನೆ ಇದೇ ಅವರ ಕೆಲ್ಸ. ಯುರೋಪಲ್ಲಿ ಪಿಎಚ್‌ಡಿ ಅಂದ್ರೆ ಬಹಳ ಕಡೆ ಕೆಲಸದ ಜಾಹೀರಾತು ಥರ ಬರತ್ತೆ, ಈ ಪ್ರಾಜೆಕ್ಟು, ಈ ಪ್ರಶ್ನೆ, ಇಷ್ಟು ವರ್ಷ ಸಂಬಳ ಅಂತ. ನಮ್ಮಲ್ಲಿ ಮೊದ್ಲು ಸಂಸ್ಥೆಗೆ ಸೇರಿ ಪ್ರಶ್ನೆ ಆಮೇಲೆ ಹುಡುಕೋದು ಜಾಸ್ತಿ. ನನಗೆ ನಮ್ಮೂರ ಚಿಟ್ಟೆ ಬಿಟ್ಟು ಹೋಗೋಕೆ ಮನಸ್ಸಿರ್ಲಿಲ್ಲ, ಹಂಗಾಗಿ ಹೊರದೇಶಕ್ಕೆ ಅಪ್ಲೈ ಮಾಡ್ಲಿಲ್ಲ.

ಮೇಲ್ ಬರೆಯೋದರ ಬಗ್ಗೆ ಒಂದು ಮಾತು. ಮೊದಲ ವರ್ಷ ನಾನು ಒಂದೇ ಮೇಲನ್ನ 40 ಜನಕ್ಕೆ ಕಳ್ಸಿದ್ದೆ, ರೆಸ್ಪೆಕ್ಟೆಡ್ ಸರ್ ಅಂತ ಶುರು, ಅದರಲ್ಲಿ ಹನ್ನೊಂದು ಜನ ಮೇಡಂಗಳು. ಉತ್ತರ ಬಂದಿದ್ದು ಎರಡು, ಎರಡೂ ಸಾರಿ ಅಂತ. ಆಮೇಲೆ ಒಂದೊಂದು ಲ್ಯಾಬಿನ ಎರಡು ಪೇಪರ್ ಪೂರ್ತಿ ಓದಿ, ಅರ್ಥ ಆಗದ ಒಂದು ಜಾಗ ಹಿಡಿದು ಅದನ್ನೇ ಕೇಳಿ ಬರೆಯೋಕೆ ಶುರು ಮಾಡಿದೆ. ತಿಂಗಳಿಗೆ ಮೂರೇ ಮೇಲ್ ಆಗ್ತಿತ್ತು, ಆದ್ರೆ ಅರ್ಧಕ್ಕರ್ಧ ಜನ ಉತ್ತರ ಕೊಟ್ರು, ಇಬ್ಬರು ಫೋನಲ್ಲೇ ಮಾತಾಡಿದ್ರು. ಈಗಿನ ನನ್ನ ಗೈಡ್ ಅವರಲ್ಲೊಬ್ಬರು.

ಮೊದಲ ಇಂಟರ್‌ವ್ಯೂ ಬೇರೆ ಒಂದು ಕಡೆ, ಹೆಸ್ರು ಬೇಡ. ಎಂಟು ನಿಮಿಷ. ಒಬ್ಬರು ಸಿವಿ ನೋಡಿ ಈ ಯೂನಿವರ್ಸಿಟಿ ಎಲ್ಲಿದೆ ಅಂದ್ರು, ಇನ್ನೊಬ್ಬರು ಕ್ರೆಬ್ಸ್ ಸೈಕಲ್ಲಿನ ಎನ್‌ಜೈಮ್ ಒಂದರ ಹೆಸ್ರು ಕೇಳಿದ್ರು, ಹೇಳಿದೆ, ಆಮೇಲೆ ಥ್ಯಾಂಕ್ಯೂ ಅಂದ್ರು. ನಾನು ಮಾಡ್ಬೇಕು ಅಂದ್ಕೊಂಡಿದ್ದ ಕೆಲಸದ ಬಗ್ಗೆ ಒಂದೇ ಒಂದು ಪ್ರಶ್ನೆ ಬರ್ಲಿಲ್ಲ. ರಾತ್ರಿ ಬಸ್ಸಲ್ಲಿ ಊರಿಗೆ ಬಂದೆ, ಬೆಳಿಗ್ಗೆ ಅಮ್ಮ ಏನಾಯ್ತು ಅಂತ ಕೇಳ್ಲೇ ಇಲ್ಲ, ಮುಖ ನೋಡಿದ್ರಲ್ಲ. ಅಪ್ಪಯ್ಯ ಮಾತ್ರ "ಹೋಗ್ಲಿ ಬಿಡು ಕೂಸೇ, ಬಿಎಡ್ ಮಾಡು" ಅಂದ್ರು. ಅದರಲ್ಲಿ ತಪ್ಪೇನೂ ಇರ್ಲಿಲ್ಲ, ಅವರ ಚಿಂತೆ ಅವರಿಗೆ. ಆ ವರ್ಷ ಎಂಟು ತಿಂಗಳು ಒಂದು ಕಪ್ಪೆ ಪ್ರಾಜೆಕ್ಟಲ್ಲಿ ಅಸಿಸ್ಟೆಂಟ್ ಆದೆ, ರಾತ್ರಿ ಹೊತ್ತು ಹಳ್ಳದ ಪಕ್ಕ ಟೆಂಪರೇಚರ್ ಲಾಗರ್, ಅಂದ್ರೆ ಶಾಖ ಅಳೆದು ದಾಖಲಿಸೋ ಸಣ್ಣ ಯಂತ್ರ ಕಟ್ಟೋದು, ಬೆಳಿಗ್ಗೆ ಡೇಟಾ ಇಳಿಸೋದು. ಸಂಬಳ ಕಡ್ಮೆ, ಉಂಬಳ (ಜಿಗಣೆ) ಜಾಸ್ತಿ. ಆದ್ರೆ ಒಂದೇ ಹಳ್ಳದಲ್ಲಿ ಕಲ್ಲಿನ ಸಂದಿಗೂ ನಾಲ್ಕಡಿ ದೂರದ ಎಲೆ ಮೇಲಕ್ಕೂ ಎಷ್ಟು ವ್ಯತ್ಯಾಸ ಇರತ್ತೆ ಅಂತ ನಾನೇ ಅಳೆದು ನೋಡಿದ್ದು ಅಲ್ಲೇ, ಪ್ರಾಣಿ ಬದುಕೋ ಹವಾಮಾನ ಪೇಪರಲ್ಲಿ ಬರೋ ಹವಾಮಾನ ಅಲ್ಲ ಅನ್ನೋದು ಆಗ ತಲೆಗೆ ಹೋಯ್ತು.

ಎರಡನೇ ಇಂಟರ್‌ವ್ಯೂ ಈಗಿರೋ ಸಂಸ್ಥೇದು. ಐದು ಜನ ಕೂತಿದ್ರು, ಸುಮಾರು ಐವತ್ತು ನಿಮಿಷ. ನಿಮಗೆ ಯಾವ ಪ್ರಾಣಿ ಚೆನ್ನಾಗಿ ಗೊತ್ತು ಅಂತ ಕೇಳಿದ್ರು. ಪುಸ್ತಕದ್ದು ಹೇಳ್ಲಾ ಅಂತ ಒಂದು ಕ್ಷಣ ಅನ್ನಿಸಿ, ಆಮೇಲೆ ಸಂಜೆ ಚಿಟ್ಟೆ ಅಂದೆ. ಇಂಗ್ಲಿಷಲ್ಲಿ ತಡವರಿಸ್ತಿದ್ದೆ, ಅಲ್ಲಿದ್ದ ಒಬ್ಬರು "ಕನ್ನಡದಲ್ಲೇ ಹೇಳಿ, ನಾನು ಇವರಿಗೆ ಹೇಳ್ತೀನಿ" ಅಂದ್ರು. ಆ ಮಾತಿಗೆ ನಾನು ಜೀವಮಾನ ಪೂರ್ತಿ ಋಣಿ. ಬೋರ್ಡ್ ಹತ್ರ ಹೋಗಿ ಎರಡು ರೆಕ್ಕೆ ಬರೆದೆ, ಒಂದಕ್ಕೆ ಕಣ್ಣು, ಒಂದಕ್ಕೆ ಇಲ್ಲ.

ಅದಾದ್ಮೇಲೆ ಒಬ್ಬರು ಆಫ್ರಿಕಾದ ಬೈಸೈಕ್ಲಸ್ ಅನಿನಾನ ಗೊತ್ತಾ ಅಂದ್ರು. ಗೊತ್ತಿತ್ತು, ಇದೇ ಬಳಗದ ಚಿಕ್ಕ ಚಿಟ್ಟೆ, ಪಾಲ್ ಬ್ರೇಕ್‌ಫೀಲ್ಡ್ ಅನ್ನೋ ವಿಜ್ಞಾನಿಯ ತಂಡ ಅದರ ಮೇಲೆ ಎಷ್ಟೋ ವರ್ಷ ಕೆಲ್ಸ ಮಾಡಿದೆ. ಹುಳವನ್ನ ಬಿಸೀಲಿ ಸಾಕಿದ್ರೆ ಕಣ್ಣಿರೋ ಮಳೆಗಾಲದ ರೂಪ, ತಂಪಲ್ಲಿ ಸಾಕಿದ್ರೆ ಕಣ್ಣು ಸಣ್ಣಗಾದ ಒಣಗಾಲದ ರೂಪ. ಎಕ್‌ಡೈಸೋನ್ ಅನ್ನೋ ಹಾರ್ಮೋನು ಪ್ಯೂಪಾದೊಳಗೆ (ಹುಳ ಚಿಟ್ಟೆ ಆಗೋ ಮುಂಚಿನ ಚಿಪ್ಪಿನ ಹಂತ) ಬೇಗ ಏರತ್ತಾ ತಡವಾಗಿ ಏರತ್ತಾ ಅನ್ನೋದರ ಮೇಲೆ ರೆಕ್ಕೆ ತೀರ್ಮಾನ ಆಗತ್ತೆ, ತಂಪಲ್ಲಿ ಬೆಳೆದ ಪ್ಯೂಪಾಗೆ ಆ ಹಾರ್ಮೋನನ್ನ ಮೊದ್ಲೇ ಕೊಟ್ರೆ ಮಳೆಗಾಲದ ಕಡೆಗೆ ವಾಲತ್ತೆ. ಇಷ್ಟು ಹೇಳಿದೆ. ಅವರು ತಲೆ ಆಡಿಸಿ, "ಸರಿ, ಹಂಗಾದ್ರೆ ಆಫ್ರಿಕಾದಲ್ಲಿ ಮಳೆಗಾಲ ಬೆಚ್ಚಗೆ, ಒಣಗಾಲ ತಂಪು. ನಿಮ್ಮೂರಲ್ಲಿ?" ಅಂದ್ರು.

ನಾನು ಬಾಯಿ ತೆರೆದೆ, ಮಾತು ಬರ್ಲಿಲ್ಲ. ಯಾಕಂದ್ರೆ ನಮ್ಮಲ್ಲಿ ಆರಿದ್ರಾ ಪುನರ್ವಸು ಹಿಡೀತು ಅಂದ್ರೆ ಕಂಬಳಿ ಬೇಕು, ಒಲೆ ಮುಂದೆ ಕೂರೋದು ಆಗ್ಲೇ. ಸುಡೋ ಬಿಸಿಲು ಏಪ್ರಿಲಲ್ಲಿ, ಆಗ ಚಿಟ್ಟೆ ಒಣಗಿದೆಲೆ. ಆಫ್ರಿಕಾದ ಲೆಕ್ಕ ನಮ್ಮ ಮಲ್ನಾಡಿಗೆ ಹಾಕಿದ್ರೆ ತಲೆಕೆಳಗು. ಅದನ್ನೇ ಹೇಳಿದೆ, ನಮ್ಮಲ್ಲಿ ಉಲ್ಟಾ ಸರ್, ಮಳೆಗಾಲವೇ ತಂಪು ಅಂತ. "ಹಾಗಿದ್ರೆ ನಿಮ್ಮೂರ ಹುಳಕ್ಕೆ ಗೊತ್ತಾಗೋದು ಶಾಖಾನಾ, ತೇವಾನಾ, ತಿನ್ನೋ ಹುಲ್ಲಿನ ರಸಾನಾ? ಹೆಂಗೆ ಕಂಡುಹಿಡೀತೀರಿ?"

ಇಷ್ಟು ವರ್ಷ ನೋಡಿದ್ದೆ, ಯಾವತ್ತೂ ಹಂಗೆ ಯೋಚಿಸಿರ್ಲಿಲ್ಲ. ನಮ್ಮೂರಲ್ಲಿ ಮಳೆ, ತಂಪು, ಎಳೇ ಹುಲ್ಲು ಮೂರೂ ಒಟ್ಟಿಗೇ ಬರ್ತವೆ, ಹಗ್ಗ ಹೊಸೆದಂಗೆ. ಬಿಡಿಸ್ಬೇಕು ಅಂದ್ರೆ ಪ್ರಕೃತೀಲಿ ಇಲ್ಲದ ಜೋಡಿ ನಾವು ಮಾಡ್ಬೇಕು, ತಂಪು ಆದ್ರೆ ಒಣ, ಬಿಸಿ ಆದ್ರೆ ತೇವ. ಬೋರ್ಡ್ ಮೇಲೆ ನಾಲ್ಕು ಚೌಕ ಹಾಕಿದೆ, ಹುಳಗಳನ್ನ ನಾಲ್ಕು ಕಡೆ ಇಡ್ತೀನಿ ಅಂದೆ. ಒಬ್ಬರು ಮೇಡಂ "ಯಾವ ಹುಳ ಯಾವ ಕಡೆ?" ಅಂದ್ರು. ಹಿಡಿದಂಗೆ ಹಾಕ್ತೀನಿ ಅಂದೆ, ಅವರು ಸುಮ್ನೆ ನೋಡ್ತಾ ಕೂತ್ರು. ಒಂದು ನಿಮಿಷ ಆಗಿರ್ಬೇಕು. ಆಗ ಹೊಳೀತು, ಬೇರೆ ಬೇರೆ ತಾಯಿಯ ಮಕ್ಕಳನ್ನ ಬೇರೆ ಬೇರೆ ಕಡೆ ಇಟ್ರೆ ವ್ಯತ್ಯಾಸ ತಾಯಿಯಿಂದ ಬಂತಾ ಹವಾಮಾನದಿಂದ ಬಂತಾ ಗೊತ್ತಾಗಲ್ಲ. ಒಂದೇ ತಾಯಿಯ ಮೊಟ್ಟೆ ನಾಲ್ಕು ಪಾಲು ಮಾಡ್ತೀನಿ, ಪ್ರತಿ ತಾಯಿಗೂ ಹಂಗೇ ಅಂದೆ. ಮೇಡಂ ಏನೋ ಬರ್ಕೊಂಡ್ರು. ಈ ವಿಷ್ಯದಲ್ಲಿ ಪಿಎಚ್‌ಡಿಗೆ ಹೋಗೋರು ದಯವಿಟ್ಟು ಇದೊಂದನ್ನ ಅಭ್ಯಾಸ ಮಾಡ್ಕೊಳ್ಳಿ, ನಿಮ್ಮನೆ ಹಿತ್ಲಲ್ಲಿ ನೋಡಿರೋ ಯಾವುದಾದ್ರೂ ಒಂದು, ಮಳೆಗೆ ಮುಂಚೆ ಮೊಟ್ಟೆ ಸಾಗಿಸೋ ಇರುವೆ ಆಗ್ಲಿ, ನೀರು ಆರೋ ಗುಂಡೀಲಿರೋ ಗೊದಮೊಟ್ಟೆ ಆಗ್ಲಿ, ಅದಕ್ಕೆ ಯಾವ ಸೂಚನೆ ಗೊತ್ತಾಗತ್ತೆ, ಎರಡು ಸೂಚನೆ ಬೇರೆ ಮಾಡೋದು ಹೆಂಗೆ ಅಂತ ಒಂದು ಹಾಳೆ ಮೇಲೆ ಬರ್ದು ನೋಡಿ. ಎಂಟ್ರೆನ್ಸ್ ಗೈಡ್‌ಗಳಲ್ಲಿ ಇದು ಇರಲ್ಲ.

ಸೀಟು ಬಂದಿದ್ದು ಒಂಬತ್ತು ದಿನಕ್ಕೆ. ದುಡ್ಡಿನ ವಿಷ್ಯ ಎಲ್ಲರೂ ಕೇಳ್ತಾರೆ, ಮುಚ್ಚಿಡೋದೇನಿಲ್ಲ. 2023ರ ಪರಿಷ್ಕರಣೆ ಆದ್ಮೇಲೆ ಜೆಆರ್‌ಎಫ್ ತಿಂಗಳಿಗೆ 37,000, ಎರಡು ವರ್ಷ ಆಗಿ ಅದರ ಮೇಲಿನ ಹಂತ ಎಸ್ಆರ್‌ಎಫ್ ಆದ್ರೆ 42,000, ಹಾಸ್ಟೆಲ್ ಸಿಗದಿದ್ರೆ ಮನೆ ಬಾಡಿಗೆ ಭತ್ಯೆ ಬೇರೆ. ಆದ್ರೆ ಮೊದಲ ಐದು ತಿಂಗಳು ನನ್ನ ಕೈಗೆ ಒಂದು ರೂಪಾಯಿ ಬರ್ಲಿಲ್ಲ, ನನ್ನ ಜಾಯ್ನಿಂಗ್ ರಿಪೋರ್ಟು ಒಂದು ಟೇಬಲ್ ಮೇಲೆ ಸಹಿ ಇಲ್ದೆ ಕೂತಿತ್ತು, ಹೋಗಿ ಕೇಳಿದಾಗೆಲ್ಲ ಪ್ರೋಸೆಸ್ಸಲ್ಲಿದೆ ಅಂತಿದ್ರು. ಅಕ್ಕನ ಹತ್ರ ಸಾಲ ಮಾಡಿದೆ. ಹೊಟ್ಟೆ ಉರಿಯತ್ತೆ ಇವತ್ತಿಗೂ, ಅಕ್ಕ ಇಲ್ಲದವರು ಏನು ಮಾಡ್ಬೇಕು? ಹೊಸಬರು ಸೇರಿದ ದಿನವೇ ಕಾಗದದ ಜೆರಾಕ್ಸ್ ಇಟ್ಕೊಂಡು, ಯಾರ ಟೇಬಲ್ಲಿಗೆ ಹೋಯ್ತು ಅಂತ ವಾರ ವಾರ ಕೇಳ್ತಿರಿ. ಹಾಗೇ ಯುಜಿಸಿಯ 2022ರ ನಿಯಮ ಒಂದ್ಸಲ ಓದ್ಕೊಳ್ಳಿ, ಕಮ್ಮಿ ಅಂದ್ರೆ ಮೂರು ವರ್ಷ, ಜಾಸ್ತಿ ಅಂದ್ರೆ ಆರು, ಹೆಣ್ಣುಮಕ್ಕಳಿಗೆ ಎರಡು ವರ್ಷ ವಿನಾಯಿತಿ, 240 ದಿನದವರೆಗೆ ಹೆರಿಗೆ ರಜೆ. ಇದು ಗೊತ್ತಿಲ್ದೆ ಮದುವೆ ಆಯ್ತು ಅಂತ ಬಿಟ್ಟುಹೋದ ಇಬ್ಬರು ಗೆಳತಿಯರು ನನಗಿದಾರೆ.

ಕೋರ್ಸ್‌ವರ್ಕ್ ಒಂದು ಸೆಮಿಸ್ಟರ್, ಸ್ಟ್ಯಾಟಿಸ್ಟಿಕ್ಸ್ ಕಷ್ಟ ಆಯ್ತು, ಆರ್ ಸಾಫ್ಟ್‌ವೇರ್ ಕಲಿತೆ. ಅಲ್ಲಿ ಕೇಳಿದ ಒಂದು ಕಥೆ ಮಾತ್ರ ಹೇಳ್ತೀನಿ. ಇಟಲಿಯ ವಿಜ್ಞಾನಿ ಫೆರುಚ್ಚೊ ರಿತೋಸ್ಸಾ ಹಣ್ಣಿನ ನೊಣದ ಕ್ರೋಮೋಸೋಮ್ ನೋಡ್ತಿದ್ರಂತೆ, ಯಾರೋ ಇನ್‌ಕ್ಯುಬೇಟರಿನ ಶಾಖ ಏರಿಸ್ಬಿಟ್ಟಿದ್ರು, ನೋಡಿದ್ರೆ ಕ್ರೋಮೋಸೋಮಲ್ಲಿ ಹೊಸ ಹೊಸ ಜಾಗದಲ್ಲಿ ಉಬ್ಬು. 1962ರಲ್ಲಿ ಅದನ್ನ ಪ್ರಕಟ ಮಾಡಿದ್ರು. ಹೀಟ್ ಶಾಕ್ ಪ್ರೋಟೀನು ಅಂತ ನಾವು ಇವತ್ತು ಓದೋದರ ಬೇರು ಅದೇ, ಬಿಸಿ ತಟ್ಟಿದಾಗ ಕೋಶದೊಳಗಿನ ಪ್ರೋಟೀನು ಕೆಡದಂಗೆ ಹಿಡಿಯೋ ಕೆಲಸಗಾರರು. ಅದನ್ನ ಕೇಳಿದ್ಮೇಲೆ ನಾನು ಹುಳ ಸಾಕೋ ಚೇಂಬರಿನ (ಒಳಗಿನ ಶಾಖ ತೇವ ಬೇಕಾದಷ್ಟಕ್ಕೆ ಇಡೋ ಬೀರು) ಡಿಸ್‌ಪ್ಲೇ ನಂಬೋದು ಬಿಟ್ಟೆ, ಪ್ರತಿ ಶೆಲ್ಫಿಗೂ ಒಂದೊಂದು ಲಾಗರ್ ಇಟ್ಟಿದೀನಿ. ಕೆಳಗಿನ ಶೆಲ್ಫಿಗೂ ಮೇಲಿನದಕ್ಕೂ ಒಂದೂವರೆ ಡಿಗ್ರಿ ವ್ಯತ್ಯಾಸ ಬಂತು, ಈಗ ದಿನಾ ಪೆಟ್ಟಿಗೆಗಳ ಜಾಗ ಬದಲಾಯಿಸ್ತೀನಿ.

ಮೊದಲ ಪ್ರಯೋಗ ಪೂರ್ತಿ ಹಾಳಾಯ್ತು. ಹುಳಕ್ಕೆ ತಿನ್ಸೋಕೆ ಅಂತ ಅಂಗಡಿಯಿಂದ ಮೆಕ್ಕೆಜೋಳದ ಬೀಜ ತಂದು ಟ್ರೇಗಳಲ್ಲಿ ಬೆಳೆಸಿದ್ದೆ, ಚೆಂದ ಹಸಿರಾಗಿ ಬಂದಿತ್ತು. ಎರಡು ಹೆಣ್ಣು ಚಿಟ್ಟೆಯ ಮೊಟ್ಟೆ, ಒಟ್ಟು 118 ಹುಳ. ಎರಡನೇ ದಿನ ಬೆಳಿಗ್ಗೆ ನೋಡಿದ್ರೆ ಎಲೆ ಅಂಚಿಗೆ ಒಂದೂ ಇಲ್ಲ, ಎಲ್ಲ ಟ್ರೇ ತಳದಲ್ಲಿ ಮುದುಡಿ ಬಿದ್ದಿದ್ವು, ಕೆಲವು ಇನ್ನೂ ಸೆಟೆದು ನಡುಗ್ತಿದ್ವು. ನಾಲ್ಕೂ ಚೇಂಬರಲ್ಲಿ ಹಂಗೇ, ಹಂಗಾಗಿ ಶಾಖದ್ದಲ್ಲ ಅಂತ ಗೊತ್ತಾಯ್ತು. ಬೀಜದ ಪ್ಯಾಕೆಟ್ ತಿರುಗಿಸಿ ನೋಡಿದೆ, ಬೀಜಕ್ಕೇ ಕೀಟನಾಶಕದ ಲೇಪ, ಗಿಡ ಅದನ್ನ ಬೇರಿಂದ ಎಲೆಗೆ ಏರಿಸ್ಕೊಳ್ಳತ್ತೆ. ಓದಿ ತರ್ಬೇಕಿತ್ತು, ಓದಿರ್ಲಿಲ್ಲ. ಆವತ್ತು ಲ್ಯಾಬಲ್ಲೇ ಅತ್ತೆ. ಗೈಡ್ ಮೇಡಂ ಬೈಲಿಲ್ಲ, ನೋಟ್‌ಬುಕ್ಕಲ್ಲಿ ಬರ್ದಿಡು, ಎಷ್ಟು ಹೊತ್ತಿಗೆ ಎಷ್ಟು ಸತ್ತವು ಅಂತ ಬರಿ ಅಂದ್ರು.

ಮನೆಗೆ ಫೋನ್ ಮಾಡಿದೆ. ಬಿಎಡ್ ಮಾಡು ಅಂದಿದ್ದ ಅಪ್ಪಯ್ಯ, ಔಷಧಿ ಮುಟ್ಟದ ಬೀಜ ಅಂದ್ರೆ ನಮ್ಮನೆ ಪಣತದ್ದೇ (ಭತ್ತದ ಕಣಜ) ಆಗ್ಬೇಕಲ್ಲ ಅಂದು ಮಾರನೇ ದಿನ ಮನೆ ಬಿತ್ತನೆ ಭತ್ತ ಐದು ಕೆಜಿ ಚೀಲಕ್ಕೆ ತುಂಬಿ, ಬಾಯಿಗೆ ಬಾಳೆ ನಾರಲ್ಲಿ ಗಂಟು ಹಾಕಿ ಬಸ್ಸಿಗೆ ಹಾಕಿದ್ರು. ಬೆಳಿಗ್ಗೆ ಐದೂವರೆಗೆ ಮೆಜೆಸ್ಟಿಕ್ಕಿಗೆ ಹೋಗಿ ಇಳಿಸ್ಕೊಂಡೆ. ನೆನೆಸಿ ಮೊಳಕೆ ಕಟ್ಟಿ ಟ್ರೇಗೆ ಹಾಕಿದೆ, ಹನ್ನೆರಡು ದಿನಕ್ಕೆ ಹುಳ ಬಿಡೋ ಹಂಗಾಯ್ತು. ಹೆಣ್ಣು ಚಿಟ್ಟೆ ಹಿಡಿದಿದ್ದೂ ನಮ್ಮ ಗದ್ದೆ ಅಂಚಲ್ಲೇ. ಕಾಡೊಳಗೆ ಹಿಡಿಯೋದಾದ್ರೆ ಅರಣ್ಯ ಇಲಾಖೆ ಅನುಮತಿ ಬೇಕು, ಅದಕ್ಕೆ ತಿಂಗಳುಗಟ್ಲೆ ಮುಂಚೆ ಅರ್ಜಿ ಹಾಕ್ಬೇಕು, ಪ್ಲಾನ್ ಮಾಡುವಾಗ ಅದನ್ನೂ ಸೇರಿಸ್ಕೊಳ್ಳಿ.

ಮೊದಲ ಚಿಟ್ಟೆ ಹೊರಗೆ ಬಂದಿದ್ದು ಒಂದು ರಾತ್ರಿ ಎಂಟೂಮುಕ್ಕಾಲಿಗೆ. ಹಸಿರು ಪ್ಯೂಪಾ ಹಿಂದಿನ ದಿನವೇ ಕಪ್ಪಾಗಿತ್ತು, ಚಿಪ್ಪಿನ ಮೂಲಕ ರೆಕ್ಕೆಯ ಗೆರೆ ಕಾಣ್ತಿತ್ತು. ಒಡೆದು ಹೊರಗೆ ಬಂದು ಖಾಲಿ ಚಿಪ್ಪಿಗೇ ಜೋತು ಬಿತ್ತು, ರೆಕ್ಕೆ ಒದ್ದೆ ಬಟ್ಟೆ ಥರ ಮುದ್ದೆ. ಇಪ್ಪತ್ತು ನಿಮಿಷದಲ್ಲಿ ನಿಧಾನಕ್ಕೆ ಬಿಚ್ಕೊಳ್ತಾ ಬಂತು, ನಾನು ಉಸಿರು ಬಿಗಿ ಹಿಡಿದು ಕೆಳ ಅಂಚನ್ನೇ ನೋಡ್ತಿದ್ದೆ, ಒಂದು, ಎರಡು, ಮೂರು, ಆರು ಕಣ್ಣು. ಅದರ ಒಡಹುಟ್ಟಿದ್ದು ಇನ್ನೊಂದು ಚೇಂಬರಲ್ಲಿ ಮೂರು ದಿನ ಬಿಟ್ಟು ಬಂತು, ಅದರದ್ದೂ ಫೋಟೋ ತೆಗೆದು ಸ್ಕೇಲ್ ಇಟ್ಟು ಅಳೆದಿದೀನಿ. ಎರಡು ಚಿಟ್ಟೆ ಇಟ್ಕೊಂಡು ಏನೂ ಹೇಳೋಕಾಗಲ್ಲ, ಹನ್ನೆರಡು ತಾಯಿಯ ಮಕ್ಕಳು ಆಗ್ಬೇಕು ಅಂತ ಪ್ಲಾನ್, ಈಗ ಮೂರು ಮುಗಿದಿದೆ, ನಾಲ್ಕನೇದರ ಮೊಟ್ಟೆ 62 ಬಂದಿದೆ, ನಾಳೆ ಪಾಲು ಮಾಡ್ಬೇಕು.

ಭತ್ತ ಖಾಲಿ ಆಗ್ತಾ ಬಂತು. ನಿನ್ನೆ ಅಪ್ಪಯ್ಯ ಫೋನ್ ಮಾಡಿ ನಿನ್ನ ಹುಳಕ್ಕೆ ಇನ್ನೆಷ್ಟು ಬೇಕು, ಸಸಿ ಮಡಿಗೆ ಹಾಕೋ ಮುಂಚೆ ಹೇಳು ಅಂದ್ರು. ಹತ್ತು ಕೆಜಿ ಎತ್ತಿಡಿ ಅಂದಿದೀನಿ.